ಗ್ರಾಮೋದ್ಧಾರದಲ್ಲಿ ಎಳೆಯರು

ಮಕ್ಕಳು ನಾಳಿನ ಪ್ರಜೆಗಳು ಎಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಶಾಲೆಯ ವಾರ್ಷಿಕೋತ್ಸವದಲ್ಲಿ, ಬಹುಮಾನ ವಿತರಣೆಯ ಸಮಾರಂಭದಲ್ಲಿ, ಸ್ವಾತಂತ್ರ್ಯೋತ್ಸವದ ಭಾಷಣಗಳಲ್ಲಿ ಈ ಮಾತು ತಪ್ಪದೆ ಕಿವಿಗೆ ಬೀಳುತ್ತದೆ. ಮಾತು ಹಿತವಾದುದು, ಸದುದ್ದೇಶದಿಂದ ಕೂಡಿದುದು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ವಾಚಕ ಬಂಧುಗಳೇ, ಅದನ್ನು ತುಸು ನಿಂತು ಆಲೋಚಿಸಿರಿ. ಮಕ್ಕಳು ನಾಳೆಯ ಪ್ರಜೆಗಳಾದರೆ ಇಂದು ಅವರು ಯಾರು? ಊರ ಬಾವಿಯ ನೀರು ಬತ್ತಿದರೆ ಕೊಡ ಹಿಡಿದು ದೂರ ನಡೆಯುವವಳು ಹತ್ತು ವರ್ಷದ ಬಾಲಕಿ. ಹಳ್ಳ ತುಂಬಿ ಹರಿದರೆ ಶಾಲೆಗೆ ಎರವಾಗುವವನು ಎರಡನೆಯ ಇಯತ್ತೆಯ ಹುಡುಗ. ಚರಂಡಿ ಕೊಳೆತು ಜ್ವರ ಹಬ್ಬಿದರೆ ಮೊದಲು ಮಲಗುವುದು ತೊಟ್ಟಿಲ ಕೂಸು. ಊರಿನ ಕಷ್ಟವನ್ನು ಇಂದೇ ಹೊರುವವರನ್ನು ನಾಳಿನವರೆಂದು ಕರೆದು ಕೂಡಿಸುವುದು ನ್ಯಾಯವೇ?

ಕಷ್ಟವನ್ನು ಹೊತ್ತವನಿಗೆ ಅದರ ತೂಕ ತಿಳಿದಿರುತ್ತದೆ. ಅನೇಕ ವೇಳೆ ಅದನ್ನು ಇಳಿಸುವ ಬಗೆಯೂ ಹೊಳೆಯುತ್ತದೆ. ಕಳೆದ ಒಂದು ಶತಮಾನದಲ್ಲಿ ನಮ್ಮ ದೇಶದ ಕೆಲವು ಹಿರಿಯರು ಇದನ್ನು ಮನಗಂಡು, ಎಳೆಯ ವಿದ್ಯಾರ್ಥಿಗಳ ಕೈಗೆ ಮಾತ್ರವಲ್ಲದೆ ಬುದ್ಧಿಗೂ ಊರಿನ ಕೆಲಸವನ್ನು ಒಪ್ಪಿಸಿದ ಉದಾಹರಣೆಗಳು ಉಂಟು. ಆ ಇತಿಹಾಸವನ್ನು ಸಂಕ್ಷೇಪವಾಗಿ ತಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಇಂತಹ ವಿಚಾರ ಶರಣಪರಂಪರೆಗೆ ಹೊಸತಲ್ಲ. ಬಾಲಕ ಬಸವಣ್ಣನವರು ಉಪನಯನದ ಹೊತ್ತಿನಲ್ಲಿಯೇ ಹಿರಿಯರನ್ನು ಪ್ರಶ್ನಿಸಿ ಮನೆ ಬಿಟ್ಟರೆಂದು ಪರಂಪರೆ ಹೇಳುತ್ತದೆ. ವಯಸ್ಸಿನಲ್ಲಿ ಕಿರಿಯರಾಗಿದ್ದ ಚೆನ್ನಬಸವಣ್ಣನವರನ್ನು ಅರಿವಿನಲ್ಲಿ ಹಿರಿಯರೆಂದು ಶರಣರು ಗೌರವಿಸಿದರು. ಅಲ್ಲಮಪ್ರಭುಗಳ ತರುವಾಯ ಶೂನ್ಯಪೀಠವು ಅವರಿಗೆ ಸಂದಿತು. ಅನುಭವ ಮಂಟಪದಲ್ಲಿ ಮಾತನಾಡುವ ಅಧಿಕಾರವನ್ನು ಕುಲದಿಂದ ಅಳೆಯಲಿಲ್ಲ, ವಯಸ್ಸಿನಿಂದಲೂ ಅಳೆಯಲಿಲ್ಲ. ಈ ಹಿನ್ನೆಲೆಯುಳ್ಳ ನಮಗೆ ಮುಂದೆ ಹೇಳಲಿರುವ ಸಂಗತಿಗಳು ಅಪರಿಚಿತವೆನಿಸಬಾರದು.

ಮೊದಲ ಉದಾಹರಣೆ ವಂಗದೇಶದ್ದು. ಕವಿ ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಬೆರಳೆಣಿಕೆಯ ಬಾಲಕರೊಡನೆ ಶಾಲೆಯನ್ನು ತೆರೆದುದು ಎಲ್ಲರಿಗೂ ತಿಳಿದ ವಿಷಯ. ಆದರೆ ಶಾಂತಿನಿಕೇತನದ ನೆರೆಯ ಬೀರ್‌ಭೂಮಿ ಜಿಲ್ಲೆಯ ಹಳ್ಳಿಗಳ ಸ್ಥಿತಿ ಅಂದು ಹೇಗಿತ್ತು? ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬರ್ದ್ವಾನ್ ಜ್ವರವೆಂದು ಕುಖ್ಯಾತವಾದ ಪಿಡುಗು ಆ ಸೀಮೆಯನ್ನೆಲ್ಲ ಬರಿದು ಮಾಡಿತ್ತು. ಕೆರೆಗಳು ಹೂಳು ತುಂಬಿ ಪಾಚಿಗಟ್ಟಿದ್ದವು; ಮಲೇರಿಯಾ ಮನೆಮನೆಯ ಅತಿಥಿಯಾಗಿತ್ತು. ಕವಿಗಳು 1912ರಲ್ಲಿ ಸುರುಲ್ ಎಂಬ ಗ್ರಾಮದ ಬಳಿ ಕೊಂಡ ಮನೆಯೂ ಆ ಜ್ವರದ ಹಾವಳಿಗೆ ಹೊರತಾಗಿರಲಿಲ್ಲ.

ಆ ಸುರುಲ್‌ನಲ್ಲಿಯೇ 1922ನೆಯ ಫೆಬ್ರವರಿ 6ರಂದು ಗ್ರಾಮ ಪುನರ್ರಚನೆಯ ಕೇಂದ್ರ ಪ್ರಾರಂಭವಾಯಿತು. ಮುಂದೆ ಅದೇ ಶ್ರೀನಿಕೇತನವೆಂದು ಹೆಸರಾಯಿತು. ಅದರ ಹೊಣೆ ಹೊತ್ತವರು ಅಮೇರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವ್ಯವಸಾಯಶಾಸ್ತ್ರ ಕಲಿತ ತರುಣ ಆಂಗ್ಲ ಗೃಹಸ್ಥ ಲೆನರ್ಡ್ ಎಲ್ಮ್‌ಹರ್ಸ್ಟ್. ಅವರೊಡನೆ ಸೇರಿದವರು ಕೆಲವೇ ವಿದ್ಯಾರ್ಥಿಗಳು. ಸುತ್ತಣ ಹಳ್ಳಿಗಳನ್ನು ತಿರುಗಿ ನೋಡಿ ಎಲ್ಮ್‌ಹರ್ಸ್ಟರು ಗ್ರಾಮದ ಶತ್ರುಗಳು ಮೂರು ಎಂದು ನಿರ್ಣಯಿಸಿದರು: ಮಂಗ, ಮಲೇರಿಯಾ ಮತ್ತು ಪರಸ್ಪರ ಅಪನಂಬಿಕೆ. ಮಂಗಗಳು ಬೆಳೆದ ಕಾಯಿಪಲ್ಲೆಯನ್ನು ಉಳಿಸುತ್ತಿರಲಿಲ್ಲ. ಮಲೇರಿಯಾ ದುಡಿಯುವ ಮೈಯನ್ನು ಉಳಿಸುತ್ತಿರಲಿಲ್ಲ. ಅಪನಂಬಿಕೆಯಾದರೋ ನಾಲ್ವರು ಒಂದುಗೂಡಿ ಮೊದಲೆರಡನ್ನು ಎದುರಿಸುವ ಸಾಧ್ಯತೆಯನ್ನೇ ಉಳಿಸುತ್ತಿರಲಿಲ್ಲ. ಮೂರನೆಯದೇ ಮೂಲವ್ಯಾಧಿ ಎಂಬುದು ಅವರ ತಿಳಿವಳಿಕೆ.

ಹಿರಿಯರ ಈ ಅಪನಂಬಿಕೆಯನ್ನು ದಾಟುವ ದಾರಿ ಯಾವುದು? ಶ್ರೀನಿಕೇತನದ ಕಾರ್ಯಕರ್ತರು, ಅವರಲ್ಲಿಯೂ ವಿಶೇಷವಾಗಿ ಕಾಲೀಮೋಹನ ಘೋಷ್ ಅವರು, ಹಳ್ಳಿಯ ಹುಡುಗರ ಕಡೆಗೆ ತಿರುಗಿದರು. ಬಾಲಚರರ ಮಾದರಿಯಲ್ಲಿ ‘ಬ್ರತೀ ಬಾಲಕ’ರ ದಳಗಳು ರೂಪುಗೊಂಡವು. ಬ್ರತೀ ಎಂದರೆ ನಮ್ಮ ಭಾಷೆಯಲ್ಲಿ ವ್ರತಿ, ವ್ರತ ತೊಟ್ಟವನು ಎಂದು ಅರ್ಥ. ಈ ಬಾಲಕರ ವ್ರತ ಉಪವಾಸ ಜಾಗರಣೆಗಳದಲ್ಲ, ತಮ್ಮ ಗ್ರಾಮದ ಸೇವೆಯದು. ನಿಂತ ನೀರಿನ ಗುಂಡಿಗಳನ್ನು ಹುಡುಕಿ ಮುಚ್ಚುವುದು, ಮುಚ್ಚಲಾಗದ ಹೊಂಡಗಳಿಗೆ ಸೀಮೆಎಣ್ಣೆ ಎರಚುವುದು, ಜ್ವರ ಬಂದವರಿಗೆ ಕ್ವಿನೈನ್ ತಲುಪಿಸುವುದು, ಹುಲ್ಲಿನ ಮನೆಗಳಿಗೆ ಬೆಂಕಿ ಬಿದ್ದರೆ ಆರಿಸಲು ಶಿಸ್ತಿನಿಂದ ಧಾವಿಸುವುದು, ಮನೆಯ ಹಿತ್ತಿಲಲ್ಲಿ ತರಕಾರಿ ಬೆಳೆಸುವುದು ಅವರ ಕಾರ್ಯಗಳಾದುವು.

ಸೀಮೆಎಣ್ಣೆಯ ಕೆಲಸವನ್ನೇ ತುಸು ಗಮನಿಸಿರಿ. ಸೊಳ್ಳೆಯು ನಿಂತ ನೀರಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಹೊರಬಂದ ಮರಿಹುಳುಗಳು ನೀರಿನ ಮೇಲ್ಮೈಗೆ ಬಂದು ಉಸಿರಾಡುತ್ತವೆ. ಎಣ್ಣೆಯ ತೆಳುವಾದ ಪದರ ಹರಡಿದರೆ ಅವುಗಳಿಗೆ ಉಸಿರು ದೊರೆಯದು. ಮೊಟ್ಟೆಯು ಹಾರುವ ಸೊಳ್ಳೆಯಾಗಲು ಬೇಸಿಗೆಯಲ್ಲಿ ಸುಮಾರು ಒಂದು ವಾರದಿಂದ ಹತ್ತು ದಿನಗಳು ಸಾಕು. ಆದುದರಿಂದ ವಾರಕ್ಕೊಮ್ಮೆ ತಪ್ಪದೆ ಎರಚಿದರೆ ಮಾತ್ರ ಸಂತಾನ ಕಡಿಯುತ್ತದೆ. ಒಂದು ವಾರ ಮೈಮರೆತರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಇದಕ್ಕೆ ಬೇಕಾದುದು ಧನವಲ್ಲ, ಅಧಿಕಾರವಲ್ಲ. ಊರಿನ ಒಂದೊಂದು ಗುಂಡಿಯ ಪರಿಚಯ ಮತ್ತು ತಪ್ಪದ ನಿಯಮ. ಗುಂಡಿಗಳ ಪರಿಚಯ ಯಾರಿಗುಂಟು? ಮೀನು ಹಿಡಿಯುತ್ತ, ದನ ಕಾಯುತ್ತ, ಆಡುತ್ತ ಊರ ಮೂಲೆಮೂಲೆಯನ್ನು ಬಲ್ಲ ಹುಡುಗನಿಗೆ. ಇಲ್ಲಿ ಬಾಲಕನು ಹಿರಿಯರ ಬದಲಿಗೆ ನಿಂತ ಆಳಲ್ಲ. ಆ ಕಾರ್ಯಕ್ಕೆ ಹಿರಿಯರಿಗಿಂತ ಯೋಗ್ಯನಾದವನು.

ಇನ್ನೊಂದು ಅಂಶವೂ ಗಮನಾರ್ಹ. ಅಪ್ಪಂದಿರು ಪರಸ್ಪರ ಮಾತು ಬಿಟ್ಟ ಎರಡು ಮನೆಗಳ ಮಕ್ಕಳು ಒಂದೇ ದಳದಲ್ಲಿದ್ದರೆ, ಎರಡೂ ಮನೆಗಳ ಹಿತ್ತಿಲ ಗುಂಡಿಗಳು ಒಂದೇ ದಿನ ಶುದ್ಧವಾಗುತ್ತವೆ. ಸೊಳ್ಳೆಗೆ ಜಾತಿಯಿಲ್ಲ, ಪಕ್ಷವಿಲ್ಲ. ಆದುದರಿಂದ ಅದನ್ನು ಎದುರಿಸುವ ದಳಕ್ಕೂ ಇರಲಾಗದು. ಎಲ್ಮ್‌ಹರ್ಸ್ಟರು ಹೇಳಿದ ಮೂರನೆಯ ಶತ್ರುವನ್ನು ಗೆಲ್ಲುವ ಶಕ್ತಿ ಉಪದೇಶಕ್ಕಿಂತ ಇಂತಹ ಕಾಯಕಕ್ಕೆ ಹೆಚ್ಚು.

ಈ ಅನುಭವದಿಂದ ಪ್ರೇರಿತವಾದ ಶಾಲೆಯೊಂದು 1924ರಲ್ಲಿ ‘ಶಿಕ್ಷಾಸತ್ರ’ವೆಂಬ ಹೆಸರಿನಿಂದ ಶಾಂತಿನಿಕೇತನದಲ್ಲಿ ತೆರೆಯಿತು, 1927ರಲ್ಲಿ ಶ್ರೀನಿಕೇತನಕ್ಕೆ ಸ್ಥಳಾಂತರಗೊಂಡಿತು. ಅದರ ಮೊದಲ ಮಾರ್ಗದರ್ಶಕರು ಸಂತೋಷಚಂದ್ರ ಮಜುಂದಾರರು. ಸೇರಿದವರು ಬಡ ಗ್ರಾಮೀಣ ಮಕ್ಕಳು. ಶಾಂತಿನಿಕೇತನದ ಶಾಲೆಯ ಬಾಲಕರಿಗೆ ಮೆಟ್ರಿಕ್ಯುಲೇಷನ್ ಪರೀಕ್ಷೆಯ ನೊಗವಿತ್ತು. ಶಿಕ್ಷಾಸತ್ರದ ಮಕ್ಕಳಿಗೆ ಅದಿರಲಿಲ್ಲ. ತಮ್ಮ ಕೋಣೆ, ತಮ್ಮ ಅಡುಗೆ, ತಮ್ಮ ತೋಟದ ತುಂಡುಭೂಮಿ, ತಮ್ಮ ನೆರೆಯ ಹಳ್ಳಿ ಇವೇ ಅವರ ಪಠ್ಯಗಳು. ಗಿಡ ಏಕೆ ಬಾಡಿತು ಎಂಬುದರಿಂದ ವಿಜ್ಞಾನ, ಅಡುಗೆಯ ಲೆಕ್ಕದಿಂದ ಗಣಿತ ಹುಟ್ಟಬೇಕೆಂಬುದು ಅಲ್ಲಿಯ ತತ್ತ್ವ.

ಎರಡನೆಯ ಉದಾಹರಣೆ ಮಹಾತ್ಮಾ ಗಾಂಧೀಜಿಯವರ ನಯೀ ತಾಲೀಮು. 1937ನೆಯ ಅಕ್ಟೋಬರ್ 22 ಮತ್ತು 23ರಂದು ವರ್ಧಾದಲ್ಲಿ ಅವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಸಮ್ಮೇಳನ ನೆರೆಯಿತು. ಏಳು ವರ್ಷಗಳ ಉಚಿತ ಮತ್ತು ಕಡ್ಡಾಯ ಶಿಕ್ಷಣ, ಮಾತೃಭಾಷೆಯ ಮಾಧ್ಯಮ, ಕೈಕಸಬನ್ನು ಕೇಂದ್ರವಾಗಿ ಉಳ್ಳ ಪಾಠಕ್ರಮ ಎಂಬ ನಿರ್ಣಯಗಳಾದವು. ಡಾ. ಜಾಕಿರ್ ಹುಸೇನರ ಸಮಿತಿ ಆ ವರ್ಷದ ಡಿಸೆಂಬರಿನಲ್ಲಿ ವರದಿ ಸಲ್ಲಿಸಿತು. 1938ರ ಹರಿಪುರ ಕಾಂಗ್ರೆಸ್ಸು ಯೋಜನೆಯನ್ನು ಅಂಗೀಕರಿಸಿತು. ಕನ್ನಡದಲ್ಲಿ ನಾವು ಮೂಲಶಿಕ್ಷಣವೆಂದು ಕರೆದುದು ಇದನ್ನೇ. ಸೇವಾಗ್ರಾಮದಲ್ಲಿ ಅದನ್ನು ನಡೆಸಿದವರು ಸಿಂಹಳದ ಆರ್ಯನಾಯಕಂ ಮತ್ತು ಅವರ ಪತ್ನಿ ಆಶಾದೇವಿಯವರು. ಇಬ್ಬರೂ ಮೊದಲು ಶಾಂತಿನಿಕೇತನದಲ್ಲಿ ಸೇವೆ ಸಲ್ಲಿಸಿದವರು. ಹೀಗೆ ಕವಿಯ ಅಂಗಳದ ಬೀಜ ಮಹಾತ್ಮರ ಅಂಗಳಕ್ಕೆ ಬಂದಿತೆನ್ನಬಹುದು.

ನಯೀ ತಾಲೀಮೆಂದರೆ ಬರಿಯ ನೂಲುವಿಕೆ ಎಂದು ಭಾವಿಸಿದವರು ಹಲವರು. ಅದು ಅಪೂರ್ಣವಾದ ತಿಳಿವಳಿಕೆ. ಸಫಾಯಿ ಅಲ್ಲಿಯ ಮೊದಲ ಪಾಠ. ಮಲವನ್ನೂ ಕಸವನ್ನೂ ಗೊಬ್ಬರವಾಗಿಸಿ ತೋಟಕ್ಕೆ ಹಾಕುವುದು, ಅಡುಗೆಮನೆಯ ವ್ಯವಸ್ಥೆ ನೋಡಿಕೊಳ್ಳುವುದು ಶಿಕ್ಷಣದ ಅಂಗಗಳು. ಮಕ್ಕಳು ಸಭೆ ಸೇರಿ ತಮ್ಮಲ್ಲಿಯೇ ಮಂತ್ರಿಗಳನ್ನು ಆರಿಸಿ ಆಹಾರ, ಆರೋಗ್ಯ, ಸ್ವಚ್ಛತೆಗಳ ಹೊಣೆಯನ್ನು ಹಂಚಿಕೊಳ್ಳುತ್ತಿದ್ದರು. ಕಾರ್ಯದ ವರದಿಯನ್ನು ಸಭೆಯ ಮುಂದಿಡುತ್ತಿದ್ದರು. ತಪ್ಪನ್ನು ಕಂಡು ತಿದ್ದುವ ಹೊಣೆಯೂ ಅವರದೇ ಆಗಿತ್ತು. ಮಲ ಬಾಚುವ ಕೆಲಸವನ್ನು ಒಂದು ಜಾತಿಯ ಹಣೆಗೆ ಬರೆದ ಸಮಾಜದಲ್ಲಿ ಎಲ್ಲ ಜಾತಿಯ ಮಕ್ಕಳೂ ಅದನ್ನು ಶಾಸ್ತ್ರೀಯವಾಗಿ ಕಲಿತು ಮಾಡುವುದೆಂದರೆ, ಕಾಯಕದಲ್ಲಿ ಮೇಲುಕೀಳಿಲ್ಲವೆಂಬ ಶರಣತತ್ತ್ವದ ಪ್ರಯೋಗವೇ ಅಲ್ಲವೇ? ನಮ್ಮ ನಾಡಿನಲ್ಲಿಯೂ ಇದೇ ದಿಕ್ಕಿನಲ್ಲಿ ನಡೆದವರುಂಟು. 1913ರಲ್ಲಿ ದಾವಣಗೆರೆಯಲ್ಲಿ ಸಾರ್ವಜನಿಕ ಬಸವ ಜಯಂತಿಗೆ ನಾಂದಿ ಹಾಡಿದ, ಕರ್ನಾಟಕದ ಗಾಂಧಿ ಎಂದು ಹೆಸರಾದ ಹರ್ಡೇಕರ ಮಂಜಪ್ಪನವರು ಮುಂದೆ ಕೃಷ್ಣಾತೀರದ ಆಲಮಟ್ಟಿಯಲ್ಲಿ ವಿದ್ಯಾಲಯ ಸ್ಥಾಪಿಸಿ ವಿದ್ಯೆ ಮತ್ತು ಕಾಯಕಗಳನ್ನು ಬೆಸೆಯಲು ಶ್ರಮಿಸಿದುದನ್ನು ಕೃತಜ್ಞತೆಯಿಂದ ಸ್ಮರಿಸಬೇಕು.

ಹಾಗಾದರೆ ಈ ಪ್ರಯೋಗಗಳು ಏಕೆ ಬಾಳಲಿಲ್ಲ? ಇತಿಹಾಸವು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ಶಿಕ್ಷಾಸತ್ರ ಇಂದಿಗೂ ಇದೆ. ಆದರೆ ಕಾಲಕ್ರಮದಲ್ಲಿ ಅದು ಉಳಿದ ಶಾಲೆಗಳಂತೆಯೇ ಪರೀಕ್ಷೆಯ ದಾರಿ ಹಿಡಿಯಿತು. ಮೂಲಶಿಕ್ಷಣಕ್ಕೆ 1939ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳ ರಾಜೀನಾಮೆ ಮೊದಲ ಪೆಟ್ಟಾಯಿತು. 1942ರ ಬಂಧನಗಳು ಎರಡನೆಯ ಪೆಟ್ಟು. ಸ್ವಾತಂತ್ರ್ಯಾನಂತರ ಸರಕಾರವು ಅದನ್ನು ರಾಷ್ಟ್ರನೀತಿಯಾಗಿ ಒಪ್ಪಿದರೂ ಹೃದಯದಿಂದ ಒಪ್ಪಿದವರು ಕಡಿಮೆ. ಹಳ್ಳಿಯ ಮಕ್ಕಳಿಗೆ ತಕಲಿ, ಅಧಿಕಾರಿಗಳ ಮಕ್ಕಳಿಗೆ ಇಂಗ್ಲಿಷ್ ಎಂಬ ಭೇದ ಬೆಳೆಯಿತು. ತಮ್ಮ ಮಗನಿಗೆ ಎರಡನೆಯ ದರ್ಜೆಯ ಶಿಕ್ಷಣ ಕೊಡುತ್ತಿದ್ದಾರೆಂದು ರೈತನು ಸಂದೇಹಪಟ್ಟರೆ ಅದು ಅವನ ತಪ್ಪಲ್ಲ. ನೂಲುವಿಕೆ ಆಲೋಚನೆಯಿಲ್ಲದ ಯಾಂತ್ರಿಕ ಕ್ರಿಯೆಯಾಯಿತು. 1964ರಿಂದ 1966ರವರೆಗೆ ಕೆಲಸಮಾಡಿದ ಕೊಠಾರಿ ಆಯೋಗವು ಕಾರ್ಯಾನುಭವವೆಂಬ ಹೊಸ ಹೆಸರನ್ನು ಸೂಚಿಸಿತು. ಅದು ಹಲವೆಡೆ ವೇಳಾಪತ್ರಿಕೆಯ ಕೊನೆಯ ತಾಸಾಗಿ ಉಳಿಯಿತು.

ಇನ್ನೊಂದು ಎಚ್ಚರಿಕೆಯ ಮಾತೂ ಉಂಟು. ವರ್ಧಾ ಸಮ್ಮೇಳನದಲ್ಲಿಯೇ ಪ್ರೊ. ಕೆ. ಟಿ. ಷಾ ಅವರು ಮಕ್ಕಳ ದುಡಿಮೆಯಿಂದ ಶಾಲೆಯ ವೆಚ್ಚ ನಡೆಸುವ ವಿಚಾರವನ್ನು ಆಕ್ಷೇಪಿಸಿದ್ದರು. ಆ ಆಕ್ಷೇಪದಲ್ಲಿ ಸತ್ಯಾಂಶವಿದೆ. ಹಿರಿಯರು ತಾವು ಮಾಡಬೇಕಾದುದನ್ನು ಎಳೆಯರ ತಲೆಗೆ ಕಟ್ಟಿ ಅದನ್ನೇ ಶಿಕ್ಷಣವೆಂದು ಕರೆದರೆ ಅದು ಶೋಷಣೆ. ಮಗುವಿನ ಕೈಯನ್ನು ಮಾತ್ರ ಕೇಳಿದರೆ ಅದು ಜೀತ. ಮಗುವಿನ ಕಣ್ಣನ್ನೂ ಬುದ್ಧಿಯನ್ನೂ ಕೇಳಿದರೆ ಅದು ಶಿಕ್ಷಣ. ಈ ಭೇದವನ್ನು ಮರೆತಲ್ಲಿ ಎಲ್ಲ ಒಳ್ಳೆಯ ಪ್ರಯೋಗಗಳೂ ಹಾದಿ ತಪ್ಪಿವೆ.

ಈ ಭೇದವನ್ನು ಸ್ಪಷ್ಟವಾಗಿ ಕಂಡ ಮೂರನೆಯ ಉದಾಹರಣೆ ನಮ್ಮ ಕನ್ನಡ ನಾಡಿನದೇ ಎಂಬುದು ಅಭಿಮಾನದ ಸಂಗತಿ. 1989ರಲ್ಲಿ ವಿಶ್ವಸಂಸ್ಥೆಯು ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ತನಗೆ ಸಂಬಂಧಿಸಿದ ವಿಷಯಗಳಲ್ಲಿ ಮಗು ತನ್ನ ಅಭಿಪ್ರಾಯ ಹೇಳಬಹುದು, ಹಿರಿಯರು ಅದಕ್ಕೆ ಬೆಲೆ ಕೊಡಬೇಕು ಎಂದು ಅದರ 12ನೆಯ ವಿಧಿ ಸಾರುತ್ತದೆ. ಭಾರತವು 1992ರಲ್ಲಿ ಅದಕ್ಕೆ ಸಮ್ಮತಿಸಿತು. ಅದಕ್ಕೂ ಮೊದಲೇ, 1990ರಲ್ಲಿ, ಬೆಂಗಳೂರಿನ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ನೆರವಿನಿಂದ ದುಡಿಯುವ ಮಕ್ಕಳು ಭೀಮಸಂಘವೆಂಬ ತಮ್ಮದೇ ಸಂಘವನ್ನು ಕಟ್ಟಿಕೊಂಡಿದ್ದರು. 1993ರ ಪಂಚಾಯತ್ ರಾಜ್ ಅಧಿನಿಯಮ ಜಾರಿಗೆ ಬಂದ ತರುವಾಯ, ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕುಂದಾಪುರ ತಾಲ್ಲೂಕಿನ ಕೆರಾಡಿ ಮೊದಲಾದ ಗ್ರಾಮಗಳಲ್ಲಿ ‘ಮಕ್ಕಳ ಪಂಚಾಯಿತಿ’ಗಳು ಹುಟ್ಟಿದವು. ಶಾಲೆಗೆ ಹೋಗುವ ಮಕ್ಕಳೂ ದುಡಿಯುವ ಮಕ್ಕಳೂ ಒಂದಾಗಿ ತಮ್ಮ ಪ್ರತಿನಿಧಿಗಳನ್ನು ಚುನಾವಣೆಯಿಂದ ಆರಿಸಿದರು.

ಈ ಮಕ್ಕಳು ಮೊದಲು ಮಾಡಿದುದು ಬೇಡಿಕೆಯ ಘೋಷಣೆಯಲ್ಲ, ಸಮೀಕ್ಷೆ. ಮನೆಮನೆಗೆ ಹೋಗಿ ವಿವರ ಸಂಗ್ರಹಿಸಿದರು. ಓದುಬರಹ ಬಾರದ ಗೆಳೆಯರೂ ಪಾಲ್ಗೊಳ್ಳುವಂತೆ ಚಿತ್ರಗಳನ್ನೂ ಸಂಕೇತಗಳನ್ನೂ ಬಳಸಿದರು. ಪಶ್ಚಿಮ ಘಟ್ಟದ ಆ ಸೆರಗಿನಲ್ಲಿ ಮಳೆಗಾಲದ ಹಳ್ಳತೊರೆಗಳು ಶಾಲೆಯ ದಾರಿಯನ್ನು ಕಡಿಯುತ್ತವೆ. ದಾಟಲು ಇರುವುದು ಅಡಕೆಮರವನ್ನೋ ಕಾಡುಮರದ ದಿಮ್ಮಿಯನ್ನೋ ಅಡ್ಡ ಹಾಕಿದ ಕಾಲುಸಂಕ. ನಿತ್ಯ ದಾಟಿ ರೂಢಿಯಾದ ಹಿರಿಯರಿಗೆ ಅದು ಕಷ್ಟವೆಂದೇ ತೋರದು. ಪುಸ್ತಕದ ಚೀಲ ಹೊತ್ತು, ಕೊಡೆ ಹಿಡಿದು, ಜಾರುವ ದಿಮ್ಮಿಯ ಮೇಲೆ ಪುಟ್ಟ ಹೆಜ್ಜೆಯಿಡುವವನಿಗೆ ಅದರ ಅರ್ಥವೇ ಬೇರೆ. ಮಕ್ಕಳ ಪಂಚಾಯಿತಿಗಳ ಪಟ್ಟಿಯಲ್ಲಿ ಕಾಲುಸಂಕದ ಪ್ರಶ್ನೆ ಮತ್ತೆ ಮತ್ತೆ ಬಂದಿತು. ಹಿರಿಯರ ಪಂಚಾಯಿತಿ ಕಿವಿಗೊಟ್ಟ ಕಡೆ ಭದ್ರವಾದ ಸಂಕಗಳು ಎದ್ದವು. 2002ರಿಂದ 2007ರ ಹತ್ತನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ ತಾಲ್ಲೂಕಿನ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳು ತಮ್ಮ ಗ್ರಾಮದ ಯೋಜನೆಯನ್ನೇ ರೂಪಿಸಲು ಕುಳಿತರು. 2006ರಲ್ಲಿ ಕರ್ನಾಟಕ ಸರಕಾರವು ರಾಜ್ಯದ ಎಲ್ಲ ಗ್ರಾಮ ಪಂಚಾಯಿತಿಗಳಲ್ಲಿಯೂ ಮಕ್ಕಳ ಗ್ರಾಮಸಭೆ ನಡೆಯಬೇಕೆಂದು ಆದೇಶಿಸಿತು. ಒಂದು ತಾಲ್ಲೂಕಿನ ಎಳೆಯರು ತೋರಿದ ದಾರಿ ಇಡೀ ರಾಜ್ಯದ ನಿಯಮವಾಯಿತು.

ಇದೇ ವಿಚಾರ ನಗರಗಳ ಶಾಲೆಗಳಲ್ಲಿಯೂ ಬೇರೂರಿದೆ. ಅಹಮದಾಬಾದಿನ ರಿವರ್‌ಸೈಡ್ ಶಾಲೆಯ ಸ್ಥಾಪಕಿ ಕಿರಣ್ ಬೀರ್ ಸೇಠಿಯವರು 2009ರಲ್ಲಿ ಪ್ರಾರಂಭಿಸಿದ ‘ಡಿಸೈನ್ ಫಾರ್ ಚೇಂಜ್’ ಆಂದೋಲನವು ಅನಂತರ ಅನೇಕ ದೇಶಗಳಿಗೆ ಹರಡಿತು. ಅದರ ಮೆಟ್ಟಿಲುಗಳು ನಾಲ್ಕು: ನೋವನ್ನು ಅನುಭವಿಸು, ಪರಿಹಾರವನ್ನು ಕಲ್ಪಿಸು, ಮಾಡಿ ತೋರಿಸು, ಇತರರೊಡನೆ ಹಂಚಿಕೋ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಅನುಭವ, ಅರಿವು, ಕಾಯಕ, ದಾಸೋಹ. ಹೆಸರು ಯಾವುದಾದರೇನು, ಹಾದಿ ಒಂದೇ.

ಆದರೆ ಆದೇಶ ಹೊರಟ ಮಾತ್ರಕ್ಕೆ ಕಿವಿ ತೆರೆಯುವುದಿಲ್ಲ. 2022ರ ಮಳೆಗಾಲದಲ್ಲಿ ಅದೇ ಉಡುಪಿ ಜಿಲ್ಲೆಯಲ್ಲಿ, ಶಾಲೆಯಿಂದ ಮನೆಗೆ ಮರಳುತ್ತಿದ್ದ ಎರಡನೆಯ ತರಗತಿಯ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಮಕ್ಕಳು ಕಾಲುಸಂಕದ ಮಾತೆತ್ತಿ ಅದಾಗಲೇ ದಶಕಗಳು ಸಂದಿದ್ದವು. ವಾಚಕರೇ, ಈ ಒಂದು ಸಂಗತಿಯ ಮುಂದೆ ನಮ್ಮ ಎಲ್ಲ ಭಾಷಣಗಳೂ ಮೌನವಾಗಬೇಕು. ಮಕ್ಕಳ ಮಾತನ್ನು ಕೇಳುವುದು ಅವರನ್ನು ಮೆಚ್ಚಿಸಲು ಮಾಡುವ ಉಪಚಾರವಲ್ಲ; ಕೆಲವು ವೇಳೆ ಅದು ಜೀವ ಉಳಿಯುವ, ಅಳಿಯುವ ಪ್ರಶ್ನೆ.

ಇಷ್ಟು ಇತಿಹಾಸದಿಂದ ತಿಳಿದುಬರುವುದೇನು? ಸುರುಲ್‌ನಲ್ಲಿಯಾಗಲಿ, ಸೇವಾಗ್ರಾಮದಲ್ಲಿಯಾಗಲಿ, ಕೆರಾಡಿಯಲ್ಲಿಯಾಗಲಿ ಮಕ್ಕಳು ಸೋತರೆಂಬ ಉದಾಹರಣೆ ಇಲ್ಲ. ಸೋತಾಗಲೆಲ್ಲ ಸೋತವರು ಹಿರಿಯರು. ಕೇಳುವ ತಾಳ್ಮೆ ತಪ್ಪಿದಾಗ, ತಮ್ಮ ಮಕ್ಕಳಿಗೊಂದು ಊರಿನ ಮಕ್ಕಳಿಗೊಂದು ಎಂಬ ಭೇದ ಬಂದಾಗ, ಸೇವೆಯು ಅಪ್ಪಣೆಯಾಗಿ ಒಣಗಿದಾಗ ಪ್ರಯೋಗಗಳು ನಿಂತವು.

ಶ್ರೀಮಠಗಳ ಪ್ರಸಾದನಿಲಯಗಳಲ್ಲಿ ಬೆಳೆದ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿಶೇಷ ನಿವೇದನೆ. ಅಂಗಳ ಗುಡಿಸಿ, ನೀರು ಹೊತ್ತು, ಪಂಕ್ತಿಯಲ್ಲಿ ಬಡಿಸಿ ನೀವು ಸೇವೆಯನ್ನು ಕಲಿತವರು. ಕೈಗೆ ಕೆಲಸ ಕೊಡುವುದರಲ್ಲಿ ನಮ್ಮ ಮಠಗಳು ಎಂದೂ ಹಿಂದುಳಿದಿಲ್ಲ. ಆದರೆ ಈ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುವುದು ಹೇಗೆ, ನಮ್ಮ ಸುತ್ತಲಿನ ಓಣಿಗೆ ಏನು ಬೇಕಾಗಿದೆ ಎಂದು ಎಳೆಯರನ್ನು ಕೇಳುವ ಪದ್ಧತಿ ನಮ್ಮ ಸಂಸ್ಥೆಗಳಲ್ಲಿ ಎಷ್ಟರಮಟ್ಟಿಗೆ ಬೆಳೆದಿದೆ? ಇದು ದೋಷಾರೋಪಣೆಯಲ್ಲ, ಆತ್ಮಾವಲೋಕನ. ಅನುಭವ ಮಂಟಪದ ವಾರಸುದಾರರೆಂದು ಹೇಳಿಕೊಳ್ಳುವ ನಾವು ಈ ಪ್ರಶ್ನೆಯನ್ನು ನಮಗೆ ನಾವೇ ಹಾಕಿಕೊಳ್ಳಬೇಕಾಗಿದೆ.

ಮಾಡಬೇಕಾದುದು ಬಹಳವಿಲ್ಲ. ನಿಮ್ಮಲ್ಲಿ ಕೆಲವರು ಇಂದು ಶಿಕ್ಷಕರು, ಕೆಲವರು ಪಂಚಾಯಿತಿಯ ಸದಸ್ಯರು, ಕೆಲವರು ಊರಿನ ಗಣ್ಯರು. ನಿಮ್ಮ ಗ್ರಾಮದಲ್ಲಿ ಮಕ್ಕಳ ಗ್ರಾಮಸಭೆ ನಡೆಯುವ ದಿನ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿರಿ. ಭಾಷಣ ಮಾಡಬೇಡಿರಿ, ಹಾರ ಸ್ವೀಕರಿಸಬೇಡಿರಿ. ಮಕ್ಕಳು ಹೇಳಿದುದನ್ನು ಬರೆದುಕೊಳ್ಳಿರಿ. ಅದರಲ್ಲಿ ಒಂದನ್ನಾದರೂ ಮುಂದಿನ ಸಭೆಯೊಳಗೆ ನೆರವೇರಿಸಿರಿ. ನೆರವೇರದಿದ್ದರೆ ಏಕೆಂಬುದನ್ನು ಅವರ ಮುಂದೆಯೇ ನಿಂತು ತಿಳಿಸಿರಿ. ಅಷ್ಟಾದರೆ ಊರಿನಲ್ಲಿ ಒಂದು ಸಂಕವೋ, ಶಾಲೆಗೆ ಒಂದು ಶೌಚಾಲಯವೋ, ಓಣಿಗೆ ಒಂದು ದೀಪವೋ ಬಂದೀತು. ಅದಕ್ಕಿಂತ ಮಿಗಿಲಾಗಿ, ತನ್ನ ಮಾತಿಗೆ ಬೆಲೆಯುಂಟೆಂದು ಕಂಡುಕೊಂಡ ಒಂದು ಮಗು ಆ ಊರಿನಲ್ಲಿ ಬೆಳೆದೀತು. ಆ ಮಗುವನ್ನು ನಾಳಿನ ಪ್ರಜೆಯೆಂದು ಕರೆಯುವ ಅಗತ್ಯ ಆಗ ಇರುವುದಿಲ್ಲ.